ಹಳೇ ಸೀಳಿನ ಬಣ್ಣ

ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆ ತುಂಬ ಸಾಗುವ ಜನವರಿಯ ಒಂದು ಮುಂಜಾನೆ, ಅಂಕಲಿಯ ಸತ್ತೆಪ್ಪನ ಮನೆಯ ಮುಂದೆ ಜೀಪೊಂದು ನಿಂತಿತು. ಇಳಿದವರು ಚಿಕ್ಕೋಡಿಯ ವಿರುಪಾಕ್ಷಪ್ಪ. ನಿವೃತ್ತ ಸುಬೇದಾರರು, ಮಾಜಿ ಸೈನಿಕರ ಸಂಘದ ಅಧ್ಯಕ್ಷರು. ಹೂವಿನ ಚಿತ್ರದ ಚಾದರದಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಕಟ್ಟೆ ಹತ್ತಿದರು.

“ಸತ್ತೆಪ್ಪನವ್ರ, ಪಲ್ಟನ್‌ದಿಂದ ಪಾವಣೇರು ಬಂದಾರ ನೋಡ್ರಿ. ಚಾ ಕೇಳೂದಿಲ್ಲ ಇವ್ರು, ಎಣ್ಣಿ ಕೇಳತಾರ.”

ಚಾದರ ಬಿಚ್ಚಿದರೆ ಒಳಗೆ ಎಸ್ಸೆಲ್ಲಾರ್ ರೈಫಲ್ಲು. ಒಂದು ಕಾಲಕ್ಕೆ ದೇಶದ ಸಿಪಾಯಿಗಳ ಹೆಗಲ ಮೇಲೆಲ್ಲ ಇದ್ದದ್ದು. ಈಗ ಅದರ ನಳಿಗೆಯನ್ನು ಬೆಸೆದು, ಒಳಗಿನ ಮೊಳೆ ಕಿತ್ತು, ಗುಂಡು ಹಾರದಂತೆ ಮಾಡಿ, ಕಾಗದಪತ್ರದ ಸಮೇತ ಸಂಘದ ಸಭಾಗೃಹದಲ್ಲಿ ಇಡಲಿಕ್ಕೆ ಪಲ್ಟನ್ನು ಕಳಿಸಿತ್ತು. ಈ ಭಾಗದ ಹದಿನಾಲ್ಕು ಮಂದಿ ಒಂದೇ ಕಾಲದಲ್ಲಿ ಅಲ್ಲಿ ದುಡಿದಿದ್ದರೆಂಬ ಅಭಿಮಾನಕ್ಕೆ. ಕಬ್ಬಿಣದ ಭಾಗವೇನೋ ಚೆನ್ನಾಗಿತ್ತು. ಹೆಗಲಿಗೆ ಆನಿಸುವ ಕಟ್ಟಿಗೆಯ ಬಟ್ಟು ಮಾತ್ರ ನೋಡುವಂತಿರಲಿಲ್ಲ. ಕಾಲೇಜು ಹುಡುಗರ ಕವಾಯತಿಗೆಂದು ಯಾವಾಗಲೋ ಕೊಟ್ಟಿದ್ದರಂತೆ. ಅವರು ಅದಕ್ಕೆ ಬಾಗಿಲಿಗೆ ಬಳಿಯುವ ಕಂದು ಬಣ್ಣವನ್ನು ಪದರ ಪದರವಾಗಿ ಬಳಿದಿದ್ದರು.

“ಹದಿನೈದನೇ ತಾರೀಖು ಕಾರ್ಯಕ್ರಮ,” ಎಂದರು ವಿರುಪಾಕ್ಷಪ್ಪ. “ಹದಿನಾಲ್ಕು ಮಂದ್ಯಾಗ ಉಳದಾವ್ರು ಒಂಬತ್ತು. ಒಬ್ಬೊಬ್ರು ಹತ್ತು ಹೆಜ್ಜಿ ಹೊತ್ತು, ಕೈಯಿಂದ ಕೈಗೆ ಕೊಟ್ಟು, ಗೇಟಿನಿಂದ ಗಾಜಿನ ಪೆಟಗಿ ತನಕ ತರೂದು. ಸತ್ತಿ ಊರಿನ ಬಾಪುಸಾಹೇಬ ಒಬ್ಬಾಂವ ಒಲ್ಲೆ ಅಂತಾನ. ‘ಒಂದು ಮುರದೇನಿ, ಇನ್ನೊಂದು ಯಾಕ ಕೊಡ್ತೀರಿ’ ಅಂತ ಚಾಷ್ಟಿ ಮಾಡತಾನ. ನೀವರ ಒಂದ ಮಾತ ಹೇಳ್ರಿ ಅವಗ.”

ಬಾಪುಸಾಹೇಬನ ಹೆಸರು ಕೇಳಿದ ಕೂಡಲೇ ಸತ್ತೆಪ್ಪ ಚಾದರವನ್ನು ಮಡಿಕೆ ಮಾಡತೊಡಗಿದ. ನಾಲ್ಕು ಮಡಿಕೆಯಾದ ಮೇಲೆ ಮತ್ತೆ ಬಿಚ್ಚಿ ಮತ್ತೆ ಮಡಿಚಿದ. “ನೋಡೂಣ್ರಿ,” ಎಂದ.

ಸತ್ತೆಪ್ಪ ಸೈನ್ಯದಲ್ಲಿ ಬಂದೂಕು ದುರಸ್ತಿಯವನಾಗಿದ್ದ. ಪಲ್ಟನ್ನಿನ ಆಯುಧಗಳನ್ನೆಲ್ಲ ಇಡುವ ಕೋಣೆಗೆ ಕೋತ್ ಎನ್ನುತ್ತಿದ್ದರು; ಇಪ್ಪತ್ತು ವರ್ಷ ಅವನು ಆ ಕೋತಿನ ಎಣ್ಣೆ ವಾಸನೆಯಲ್ಲೇ ಬದುಕಿದ್ದ. ಊರಿಗೆ ಬಂದ ಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡಿ, ಈಗ ಅದನ್ನೂ ಮಗ ವಿಕ್ರಾಂತನಿಗೆ ಬಿಟ್ಟು ಮನೆಯಲ್ಲಿದ್ದ. ಅರವತ್ತೇಳು ವರ್ಷವಾದರೂ ಕೈ ನಡುಗುತ್ತಿರಲಿಲ್ಲ. ಮಾತು ಮಾತ್ರ ಮೊದಲಿನಿಂದಲೂ ಕಡಿಮೆ.

ಅವನ ಪಾಲಿನ ಮಾತನ್ನೂ ಸೇರಿಸಿ ಆಡುವವಳು ಹೆಂಡತಿ ಸುಂದರಾ. ಕಾಯಿಸಿದ ಸೋಡಾ ನೀರಿನ ಪಾತೇಲಿ ತಂದು ಅವನ ಮುಂದೆ ಕುಕ್ಕಿದಳು.

“ಹಿತ್ತಲ ಬಾಗಲದ ಹಿಡಕಿ ಬಿದ್ದು ದೀಪಾವಳಿಗೆ ವರ್ಷಾತು. ಅದಕ್ಕ ಕೈ ಹಚ್ಚಾಕ ವ್ಯಾಳೆ ಇಲ್ಲ. ಸರಕಾರದ ಕಟ್ಟಿಗಿ ಬಂತಂದ್ರ ನಿಂತ ಕಾಲ ಮ್ಯಾಲ ಜಳಕಾ ಮಾಡ್ಸಾಕತ್ತಾರ.”

“ಮಾಡ್ತೇನಬೇ, ಇದ ಮುಗದ ಮ್ಯಾಲ.”

“ಮುಗದ ಮ್ಯಾಲ ಮತ್ತೊಂದ ತೋಪು ಬರತೈತಿ. ಬರ್ಲಿ. ನಾ ಅದಕ್ಕೂ ನೀರ ಕಾಸ್ತೇನಿ.”

ಹಿಂದಿನ ತಗಡು ಬಿಚ್ಚಿ, ಒಳಗಿನ ಉದ್ದನೆಯ ಸ್ಕ್ರೂ ತಿರುಗಿಸಿ ಅವನು ಬಟ್ಟನ್ನು ಕಬ್ಬಿಣದಿಂದ ಬೇರೆ ಮಾಡಿದ. ಸೋಡಾ ನೀರಲ್ಲಿ ಅದ್ದಿದ ಬಟ್ಟೆ ಹೊದಿಸಿ ಬಣ್ಣ ಮೆತ್ತಗಾಗಲು ಬಿಟ್ಟ. ಆಮೇಲೆ ಒಡೆದ ಕಿಟಕಿ ಗಾಜಿನ ಚೂರೊಂದನ್ನು ಹಿಡಿದು, ಕಟ್ಟಿಗೆಯ ಎಳೆ ಹೋದ ದಿಕ್ಕಿಗೆ ಮೆಲ್ಲಗೆ ಕೆರೆಯತೊಡಗಿದ. ಪಾಲಿಶ್ ಕಾಗದ ಆತುರಗಾರರದು ಎಂದು ಅವನಿಗೆ ಕೆಲಸ ಕಲಿಸಿದ ಉಸ್ತಾದ ಹೇಳುತ್ತಿದ್ದ. ಕಾಗದ ತಿನ್ನುತ್ತದೆ, ಗಾಜು ಕೇಳಿ ತೆಗೆಯುತ್ತದೆ.

ಬಟ್ಟಿನ ಬಲಬದಿಗೆ ಬಿಳಿಯ ಬಣ್ಣದಲ್ಲಿ ಹನ್ನೆರಡು ಎಂದು ಬರೆದಿತ್ತು. ಪ್ರತಿ ರೈಫಲ್ಲಿಗೂ ಹಾಗೊಂದು ನಂಬರು ಇರುತ್ತದೆ. ಸಿಪಾಯಿ ತನ್ನ ಮಗಳ ಹುಟ್ಟಿದ ದಿನ ಮರೆತಾನು, ಬಟ್ ನಂಬರು ಮರೆಯುವುದಿಲ್ಲ. ಹನ್ನೆರಡರ ಕೆಳಗೆ ಕಂದು, ಕಂದಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿಗೆ ತಿರುಗಿದ ಹಳೆಯ ಬಿಳಿ. ಆ ಬಿಳಿ ಒಂದು ಆರಾಯಿತು. ಅದರ ಪಕ್ಕದಲ್ಲಿ ಮೂರಾಯಿತು.

ಅರವತ್ಮೂರು.

ಸತ್ತೆಪ್ಪನ ಕೈಯಲ್ಲಿ ಗಾಜು ಹಾಗೇ ನಿಂತಿತು. ಒಳ್ಳೆಯ ಬಂದೂಕನ್ನು ಯಾವ ಪಲ್ಟನ್ನೂ ದಾನ ಕೊಡುವುದಿಲ್ಲ. ಗಾಯಗೊಂಡದ್ದನ್ನು, ತೇಪೆ ಹಾಕಿದ್ದನ್ನು, ಯುದ್ಧಕ್ಕೆ ಬೇಡವಾದದ್ದನ್ನು ಕೊಡುತ್ತಾರೆ. ಚಾದರ ಬಿಚ್ಚಿದ ದಿನವೇ ತನಗಿದು ಹೊಳೆಯಬೇಕಾಗಿತ್ತು ಎಂದು ಅನಿಸುವಷ್ಟರಲ್ಲಿ ಕೈ ತನ್ನಷ್ಟಕ್ಕೆ ತಾನು ಚಲಿಸಿತು. ನಾಲ್ಕು ಸಲ ಕೆರೆದ. ಆರು ಹೋಯಿತು. ಇನ್ನೆರಡು ಸಲ. ಮೂರೂ ಹೋಯಿತು. ಪುಡಿಯನ್ನು ಊದಿ ನೋಡಿದಾಗಲೇ ಅವನಿಗೆ ತಾನು ಮಾಡಿದ್ದೇನೆಂದು ತಿಳಿದದ್ದು. ಮನಸ್ಸಿಗಿಂತ ಕೈ ಮುಂದೆ ಓಡಿತ್ತು.

ಆದರೆ ನಂಬರು ಹೋದರೂ ಗುರುತು ಹೋಗಲಿಲ್ಲ. ಬಟ್ಟಿನ ಮುಂತುದಿಯಿಂದ ಒಂದು ಗೇಣು ಉದ್ದದ ಸೀಳು, ಅದರ ಎರಡೂ ತುಟಿಗಳನ್ನು ಹೊಲಿದಂತೆ ಎರಡು ಹಿತ್ತಾಳೆಯ ಕಡ್ಡಿ. ಮೂವತ್ತೈದು ವರ್ಷದ ಹಿಂದೆ, ಬೆರಳು ಸೆಟೆದುಕೊಳ್ಳುವ ಚಳಿಯಲ್ಲಿ ಆ ಕಡ್ಡಿ ಬಡಿದವನು ಅವನೇ.

ಅವತ್ತಿನ ಕತೆ ಇಷ್ಟೇ. ಪಲ್ಟನ್ನು ಹಿಮದ ಗುಡ್ಡ ಹತ್ತುವ ಮೊದಲು ಹನ್ನೆರಡು ದಿನದಲ್ಲಿ ಎಂಟುನೂರು ರೈಫಲ್ಲು ತಪಾಸಣೆ ಮಾಡಬೇಕಾಗಿತ್ತು. ಅರವತ್ಮೂರರ ಬಟ್ಟಿನಲ್ಲಿ ಕೂದಲೆಳೆಯಂಥ ಸೀಳೊಂದು ಅವನ ಕಣ್ಣಿಗೆ ಬಿತ್ತು. ಬದಲಿ ಬಟ್ಟು ಕೋತಿನಲ್ಲಿ ಇರಲಿಲ್ಲ. ಕೆಂಪು ಪಟ್ಟಿ ಕಟ್ಟಿ ಬದಿಗಿಡಬೇಕಿತ್ತು. ಇಟ್ಟರೆ ಒಂದು ರೈಫಲ್ಲು ಕಡಿಮೆ, ಕಡಿಮೆಯಾದರೆ ಬೈಗುಳ. ಅರಗಿನಲ್ಲಿ ಕಟ್ಟಿಗೆಯ ಪುಡಿ ಕಲಸಿ ಸೀಳು ತುಂಬಿ, ಮೇಲೆ ಎಣ್ಣೆ ತಿಕ್ಕಿ, ರಜಿಸ್ಟರಿನಲ್ಲಿ ಠೀಕ್ ಎಂದು ಬರೆದ. ಮೇಲೆ ಹೋದ ಮೇಲೆ ಬದಲಿಸಿದರಾಯಿತು ಎಂದುಕೊಂಡಿದ್ದ. ಮೇಲೆ ಹೋದ ಮೇಲೆ ಮರೆತ.

ಆ ರೈಫಲ್ಲು ಸಿಕ್ಕದ್ದು ಕೃಷ್ಣೆಯ ದಂಡೆಯ ಸತ್ತಿ ಊರಿನ ಬಾಪುಸಾಹೇಬನಿಗೆ. ಕಬ್ಬಿನ ಜಮೀನಿನ ಮನೆತನ. ಹೊಸದಾಗಿ ನಾಯಕ್ ದರ್ಜೆಯ ಪಟ್ಟಿ ತೋಳಿಗೆ ಬಂದಿತ್ತು. ಆ ಸುದ್ದಿಗೆ ಅವನ ಅಪ್ಪ ಊರಿಗೆಲ್ಲ ಹುಗ್ಗಿ ಉಣ್ಣಿಸಿದ್ದ. ನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ಹಿಮದ ಗುಡ್ಡದ ಮೇಲಿನ ಸೈನ್ಯದ ಠಾಣೆಯಿಂದ ಇಳಿಯುವಾಗ ಬಾಪುಸಾಹೇಬ ರೈಫಲ್ಲನ್ನು ಊರುಗೋಲಿನ ಹಾಗೆ ಊರಿ ನಡೆದಿದ್ದ. ಎಲ್ಲರೂ ಊರುತ್ತಿದ್ದರು, ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಕಾಲು ಜಾರಿತು. ಬಟ್ಟು ಕಲ್ಲಿಗೆ ಬಡಿದು ಸೀಳಿತು.

ವಿಚಾರಣೆಯ ದಿನ ಆ ಬಟ್ಟು ಮೇಜಿನ ಮೇಲಿತ್ತು. ಸೀಳು ಬಾಯಿ ತೆರೆದುಕೊಂಡಿತ್ತು. ತುದಿಯ ಎರಡು ಬೆರಳಗಲ ಕರ್ರಗೆ, ಉಳಿದದ್ದು ಹೊಸ ಕಟ್ಟಿಗೆಯ ಹಾಗೆ ಬೆಳ್ಳಗೆ. ಹೊಸ ಸೀಳು ಬಿಳಿ, ಹಳೇ ಸೀಳು ಕರಿ. ಎಣ್ಣೆ ಕುಡಿದು ಕುಡಿದು ಕಪ್ಪಾಗಿರುತ್ತದೆ. ಕಟ್ಟಿಗೆಯ ಕೆಲಸದವನಿಗೆ ಇದು ಮೊದಲ ಪಾಠ. ಆ ಕೋಣೆಯಲ್ಲಿ ಆ ಪಾಠ ಬಲ್ಲವನು ಅವನೊಬ್ಬನೇ. ಸಾಹೇಬ ಕೇಳಿದ: ಬೀಳುವ ಮೊದಲು ಕಟ್ಟಿಗೆ ಸರಿಯಿತ್ತೇ?

“ಠೀಕ್ ಥಾ, ಸಾಬ್,” ಎಂದಿದ್ದ ಸತ್ತೆಪ್ಪ.

ಮೂರೇ ಶಬ್ದ. ಬಾಪುಸಾಹೇಬನ ಪಟ್ಟಿ ಇಳಿಯಿತು. ಮುಂದೆ ಮತ್ತೆ ಏರಲಿಲ್ಲ. ಒಡೆದ ಬಟ್ಟಿಗೆ ಹಿತ್ತಾಳೆಯ ಕಡ್ಡಿ ಬಡಿದು ಕೂಡಿಸುವ ಕೆಲಸ ಸತ್ತೆಪ್ಪನ ಪಾಲಿಗೇ ಬಂತು.

ಯಾಕೆ ಹಾಗೆ ಹೇಳಿದೆ ಎಂದು ಅವನು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದ. ಭಯ ನಿಜ. ತನ್ನ ಕೇರಿಯಿಂದ ಕುಶಲ ಕೆಲಸದ ಸರ್ಟಿಫಿಕೇಟು ಹಿಡಿದವನು ಅವನೇ ಮೊದಲು. ತಪ್ಪು ಒಪ್ಪಿದ್ದರೆ, ಇಂಥವರ ಕೈಗೆ ಕೊಟ್ಟರೆ ಹೀಗೇ ಆಗುವುದು ಎನ್ನುವ ಮಾತು ಅವನೊಬ್ಬನಿಗೆ ನಿಲ್ಲುತ್ತಿರಲಿಲ್ಲ. ಇದು ಹೇಳಿಕೊಳ್ಳಬಹುದಾದ ಕಾರಣ. ಹೇಳಿಕೊಳ್ಳಲಾಗದ್ದು ಇನ್ನೊಂದಿತ್ತು. ಅವನ ಅವ್ವನ ತವರು ಸತ್ತಿ. ಬಾಪುಸಾಹೇಬನ ಮನೆಯ ಕಬ್ಬು ಕಡಿಯಲು ಹೋದಾಗ ಬಾವಿ ಕಟ್ಟೆಯ ಕೆಳಗೆ ಅವಳು ಬೊಗಸೆ ಒಡ್ಡಿ ಕೂತದ್ದು, ಮೇಲಿನಿಂದ ಯಾರೋ ನೀರು ಸುರಿದದ್ದು, ಅದು ಮೊಣಕೈಯಿಂದ ಸೋರಿ ಸೀರೆ ತೊಯ್ದದ್ದು ಅವನಿಗೆ ನೆನಪಿತ್ತು. ಸುರಿದವನು ಬಾಪುಸಾಹೇಬನಲ್ಲ, ಆಗ ಅವನೂ ಚಡ್ಡಿಯ ಹುಡುಗ. ಆದರೂ ವಿಚಾರಣೆಯ ಕೋಣೆಯಲ್ಲಿ ಅವನು ತನ್ನ ಸೀಮೆಯವನೆಂದು ಸತ್ತೆಪ್ಪನ ಕಡೆ ಆಸೆಯಿಂದ ನೋಡಿದಾಗ, ಇವನ ಬಾಯಿಗೆ ಬಂದದ್ದು ಆ ನೀರಿನ ನೆನಪು. ಬಾಯಿ ಮುಚ್ಚಿಸಿದ್ದು ಭಯವೋ, ನೀರೋ, ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಬಾಪುಸಾಹೇಬ ತಾನೇ ಬಂದ. ಅವನ ಮಗಳು ಅಕ್ಕುತಾಯಿಯನ್ನು ಅಂಕಲಿಗೇ ಕೊಟ್ಟಿದ್ದರಿಂದ ತಿಂಗಳಲ್ಲಿ ಹದಿನೈದು ದಿನ ಇಲ್ಲೇ ಇರುತ್ತಿದ್ದ. ಕೈಯಲ್ಲಿ ಐದು ಲೀಟರಿನ ಹಳೆಯ ತಗಡಿನ ಡಬ್ಬಿ.

“ಏ ಮಿಸ್ತ್ರಿ! ಅಗಸಿ ಎಣ್ಣಿ ತಂದೇನಿ. ಪ್ಯಾಟಿ ಎಣ್ಣಿ ಹಚ್ಚಿ ಬಂದೂಕಿಗೆ ಅಜೀರ್ಣ ಮಾಡಬ್ಯಾಡ. ನಮ್ಮ ಹೊಲದ ಅಗಸಿ, ಗಾಣದಾಗ ನಿಂತು ತಗಸೇನಿ.”

ಅಗಸಿ ಎಣ್ಣೆ ಬಿಟ್ಟರೆ ರೈಫಲ್ಲಿನ ಕಟ್ಟಿಗೆಗೆ ಬೇರೆ ಮದ್ದಿಲ್ಲ. ಸೈನ್ಯ ಸೇರಿದ ಮೊದಲ ವಾರ ಆ ವಾಸನೆ ಮೂಗಿಗೆ ಬಡಿದಾಗ, ಅವ್ವ ಕುಟ್ಟುವ ಅಗಸಿ ಚಟ್ನಿ ನೆನಪಾಗಿ ಸತ್ತೆಪ್ಪನಿಗೆ ಅಳು ಬಂದಿತ್ತು.

“ಕುಂದರ್ರಿ ಬಾಪುಸಾಹೇಬ್ರ,” ಎಂದು ಅವನು ಸ್ಟೂಲು ಸರಿಸಿದ.

ಸುಂದರಾ ಚಹಾ ತಂದಳು. “ಅಣ್ಣಾರ, ಆ ರೈಫಲ್ ಮುರದ ಕತಿ ಇನ್ನೊಮ್ಮೆ ಹೇಳ್ರಿ. ಹ್ವಾದ ಸಲ ನಾ ಅರ್ಧಾ ಕೇಳಿದ್ದೆ, ಹಾಲು ಉಕ್ಕಿತು.”

ಅವನಿಗೆ ಅಷ್ಟು ಸಾಕು. ಚಿಕ್ಕೋಡಿಯಿಂದ ಅಥಣಿಯವರೆಗೆ ಆ ಕತೆ ಕೇಳದ ಚಹಾದಂಗಡಿ ಇರಲಿಲ್ಲ.

“ಏನಿಲ್ಲವಾ, ನಾ ಆನಿಯಂಗ ಇಳಿಯಾಕತ್ತಿದ್ದೆ, ಜಾರಿದೆ. ನಾನೊಂದ ಕಡೆ, ರೈಫಲ್ ಒಂದ ಕಡೆ. ಸಾಹೇಬ ಓಡಿ ಬಂದ. ನನ್ನ ಕಡೆ ನೋಡ್ಲಿಲ್ಲ! ರೈಫಲ್ ಎತ್ತಿ ಎದಿಗೆ ಅವಚಿಕೊಂಡು ‘ಲಗಾ ಕ್ಯಾ?’ ಅಂದ, ಪೆಟ್ಟ ಬಿತ್ತೇನು ಅಂತ. ನನಗ ಕೇಳಿದ ಅಂತ ನಾ ಬಿದ್ದಲ್ಲಿಂದ ‘ಇಲ್ರಿ ಸಾಹೇಬ್ರ’ ಅಂದೆ. ‘ತುಝೆ ನಹೀ ರೇ’, ನಿನಗಲ್ಲೋ ಅಂದ!” ಸುಂದರಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಬಾಪುಸಾಹೇಬ ತಾನೂ ನಕ್ಕ. “ಆ ರೈಫಲ್ ಬಾಯಿ ಬಿಟ್ಟು ಒಂದ ಮಾತ ಅಂದಿದ್ರ ನನ್ನ ಪಟ್ಟಿ ಉಳೀತಿತ್ತು. ಅದೂ ಅನ್ಲಿಲ್ಲ. ಕಟ್ಟಿಗಿ ಜಾತಿ!”

ಸತ್ತೆಪ್ಪ ತಲೆ ಎತ್ತದೆ ಒದ್ದೆ ಬಟ್ಟೆ ಹಿಂಡುತ್ತಿದ್ದ. ಬಟ್ಟಿನ ಮೇಲಿನ ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಸಿ, ಕಾದ ಇಸ್ತ್ರಿ ಪೆಟ್ಟಿಗೆ ಒತ್ತಿದ. ಚುಂಯ್ ಎಂದು ಆವಿ ಎದ್ದಿತು. ಬಟ್ಟೆ ತೆಗೆದರೆ ತಗ್ಗು ಅರ್ಧ ತುಂಬಿಕೊಂಡಿತ್ತು.

“ಅರೆ ವಾ!” ಬಾಪುಸಾಹೇಬ ಬಗ್ಗಿ ನೋಡಿದ. “ಸಾಯೋ ಕಟ್ಟಿಗಿ ಉಸಿರಾಡತೈತಲೇ.”

“ಬಡದ ತಗ್ಗು ಏಳತೈತ್ರಿ. ಎಳಿ ಕಡದಿದ್ರ ಏಳೂದಿಲ್ಲ.”

ಬಾಪುಸಾಹೇಬ ಬಾಗಿಲ ಕಡೆ ನೋಡಿದ. ಸುಂದರಾ ಒಳಗೆ ಹೋಗಿದ್ದಳು. ರಸ್ತೆಯಲ್ಲಿ ಖಾಲಿ ಟ್ರ್ಯಾಕ್ಟರೊಂದು ಗದಗದಿಸುತ್ತ ಹೋಯಿತು. ಅದರ ಸಪ್ಪಳ ತಗ್ಗಿದ ಮೇಲೆ ಅವನು ಬೇರೆಯೇ ದನಿಯಲ್ಲಿ ಕೇಳಿದ: “ಮಿಸ್ತ್ರಿ, ಒಂದ್ ಸಲ ಕೈಯಾಗ ಹಿಡೀಲೇನು? ಇಲ್ಲಿ ಯಾರೂ ನೋಡೂದಿಲ್ಲ. ಅವತ್ತಿನಿಂದ ನಾ ಮನಸಾರೆ ಒಂದೂ ರೈಫಲ್ ಮುಟ್ಟಿಲ್ಲ. ಡ್ಯೂಟಿಗೆ ಹೊತ್ತೇನಿ, ಮುಟ್ಟಿಲ್ಲ.”

ಸತ್ತೆಪ್ಪ ಬಟ್ಟನ್ನು ಕಬ್ಬಿಣಕ್ಕೆ ಹೊಂದಿಸಿ, ಸ್ಕ್ರೂ ಬಿಗಿದು, ಎತ್ತಿ ಕೊಟ್ಟ.

ಆಗ ಸ್ಟೂಲಿನ ಮೇಲಿನ ಮುದುಕ ಎದ್ದು ನಿಂತ. ಹಿಮ್ಮಡಿ ಕೂಡಿತು, ಗದ್ದ ಮೇಲಾಯಿತು. ರೈಫಲ್ಲು ತಾನಾಗಿ ಹೆಗಲಿಗೆ ಬಂತು. ಅವನ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಆ ಗೋಡೆಯ ಮೇಲೆ ಅವನಿಗೆ ಏನು ಕಾಣುತ್ತಿತ್ತೋ. ಹಾಗೇ ಕೈ ಕೆಳಗಿಳಿದು, ಹೆಬ್ಬೆರಳು ಬಟ್ಟನ್ನು ಸವರುತ್ತ ಹಿತ್ತಾಳೆಯ ಮೇಲೆ ನಿಂತಿತು.

“ಇದೇನಲೇ?”

ಹೇಳಬೇಕಾದ ಕ್ಷಣ ಬಂತು, ಹೋಯಿತು. “ಯಾರೋ ರಿಪೇರಿ ಮಾಡ್ಯಾರ್ರಿ,” ಎಂದ ಸತ್ತೆಪ್ಪ.

“ಚಲೋ ಮಾಡ್ಯಾನ ಮಗಾ. ಇದೂ ನನ್ನಂಗ ಹೊಲಿಗಿ ಹಾಕ್ಸಿಕೊಂಡ ಗಿರಾಕಿ ಐತಿ.” ಬಾಪುಸಾಹೇಬ ರೈಫಲ್ಲನ್ನು ಮೆಲ್ಲಗೆ ಚಾದರದ ಮೇಲಿಟ್ಟ. “ಹೇಳಿಬಿಡು ವಿರುಪಾಕ್ಷಪ್ಪಗ. ಹತ್ತು ಹೆಜ್ಜಿ ನಾನೂ ಹೊರತೇನಿ.”

ಮರುದಿನದಿಂದ ಸತ್ತೆಪ್ಪ ಎಣ್ಣೆ ತಿಕ್ಕತೊಡಗಿದ. ಬಟ್ಟೆಯಿಂದಲ್ಲ, ಅಂಗೈಯಿಂದ, ಕಟ್ಟಿಗೆಗೆ ಮನುಷ್ಯನ ಬಿಸಿ ತಾಗಬೇಕು. ತಿಕ್ಕಿ ಬಿಸಿಲಿಗಿಡುವುದು, ಒರೆಸುವುದು, ಮತ್ತೆ ತಿಕ್ಕುವುದು. ಒಂದು ವಾರ ದಿನಕ್ಕೊಮ್ಮೆ, ಒಂದು ತಿಂಗಳು ವಾರಕ್ಕೊಮ್ಮೆ, ಒಂದು ವರ್ಷ ತಿಂಗಳಿಗೊಮ್ಮೆ, ಆಮೇಲೆ ನೀನಿರುವ ತನಕ ವರ್ಷಕ್ಕೊಮ್ಮೆ. ಇದು ಉಸ್ತಾದನ ಲೆಕ್ಕ. ಮೂರನೆಯ ದಿನಕ್ಕೆ ಅಕ್ರೋಡಿನ ಕಟ್ಟಿಗೆ ಜೇನಿನ ಬಣ್ಣಕ್ಕೆ ಬಂತು. ಅದರ ನಡುವೆ ಸೀಳು ಮಾತ್ರ ಇನ್ನಷ್ಟು ಕಪ್ಪಾಗುತ್ತ ಹೋಯಿತು. ಅರಗು ತುಂಬಿದರೆ ಹತ್ತು ನಿಮಿಷದಲ್ಲಿ ಮುಚ್ಚುತ್ತಿತ್ತು. ಅರಗಿನ ಡಬ್ಬಿ ಪಕ್ಕದಲ್ಲೇ ಇತ್ತು. ಅವನು ಅದರ ಮುಚ್ಚಳ ತೆಗೆದ, ಮತ್ತೆ ಹಾಕಿದ.

ಹದಿಮೂರನೆಯ ತಾರೀಖು ಮಧ್ಯಾಹ್ನ ಬಾಪುಸಾಹೇಬ ಮತ್ತೆ ಬಂದ. ಕ್ಷೌರ ಮಾಡಿಸಿಕೊಂಡು, ಮೀಸೆಗೆ ಕಪ್ಪು ಹಚ್ಚಿಸಿಕೊಂಡಿದ್ದ.

“ಅಕ್ಕುತಾಯಿ ಕೋಟು ಇಸ್ತ್ರಿ ಮಾಡ್ಸಾಳ. ಬಿಲ್ಲೆ ಹುಣಸಿಹಣ್ಣಾಗ ತಿಕ್ಕಿ ಇಟ್ಟಾಳ. ‘ಅಪ್ಪಾ, ಹತ್ತ ಹೆಜ್ಜಿಗೆ ಇಷ್ಟ ಸಡಗರಾ?’ ಅಂತ ನಗತಾಳ.” ಎಣ್ಣೆ ಹೊಳೆಯುವ ಬಟ್ಟನ್ನು ದೂರದಿಂದಲೇ ನೋಡಿದ. ಆಮೇಲೆ, “ನಮ್ಮಪ್ಪ ಇರಬೇಕಾಗಿತ್ತಲೇ,” ಎಂದ. “ಪಟ್ಟಿ ಹೋದ ಸುದ್ದಿ ಬಂದ ಮ್ಯಾಲ ಆಂವ ಗುಡಿ ಕಟ್ಟಿ ಮ್ಯಾಲ ಕುಂದರಾಕ ಹೋಗ್ಲೇ ಇಲ್ಲ.”

ಈ ಒಂದು ಮಾತು ಅವನು ಯಾವ ಚಹಾದಂಗಡಿಯಲ್ಲೂ ಹೇಳಿರಲಿಲ್ಲ.

ಸತ್ತೆಪ್ಪ ಎಣ್ಣೆಯ ಕೈ ಒರೆಸಿಕೊಂಡ. ಬೆರಳು ಬೆರಳು ಒರೆಸಿಕೊಂಡ. “ಬಾಪುಸಾಹೇಬ್ರ,” ಎಂದ. “ಇದರ ಬಟ್ ನಂಬರ್ ಅರವತ್ಮೂರು ಇತ್ರಿ. ನಾನ ಕೆರದು ತಗದೇನಿ.”

ಬಾಪುಸಾಹೇಬ ನಗಲು ಹೊರಟವನು ಅವನ ಮುಖ ನೋಡಿ ನಿಲ್ಲಿಸಿದ.

“ಈ ಹಿತ್ತಾಳಿ ಕಡ್ಡಿ ನಾ ಬಡದದ್ದು. ಸೀಳು ನೀವು ಬೀಳೂಕಿಂತ ಮೊದಲ ಇತ್ರಿ. ನಾಕ ತಿಂಗಳ ಮೊದಲ. ನಾ ನೋಡಿದ್ದೆ. ಅರಗ ತುಂಬಿ, ಠೀಕ್ ಅಂತ ಬರದಿದ್ದೆ. ಗಟ್ಟಿ ಇದ್ದಿದ್ರ ಅಷ್ಟ ಪೆಟ್ಟಿಗೆ ಒಡೀತಿರಲಿಲ್ಲ.”

ಹೊರಗೆ ಕಬ್ಬಿನ ಗಾಡಿಯ ಎತ್ತುಗಳ ಗಂಟೆ ಕೇಳಿಸಿತು. ಅದು ತಿರುವಿನ ತನಕ ಕೇಳಿಸುತ್ತಲೇ ಇತ್ತು.

“ಸಾಹೇಬ ಕೇಳಿದಾಗ ನಿನಗ ಗೊತ್ತಿತ್ತು?”

“ಗೊತ್ತಿತ್ರಿ. ಸೀಳು ಮೇಜಿನ ಮ್ಯಾಲ ಕರ್ರಗ ಕಾಣತಿತ್ತು.”

“ನಾ ನಿನ್ನ ಕಡೆ ನೋಡಿದಾಗ?”

“ಆಗೂ ಗೊತ್ತಿತ್ರಿ.”

ತನ್ನ ಕೇರಿ, ತನ್ನ ಭಯ, ಬಾವಿ ಕಟ್ಟೆಯ ಕೆಳಗೆ ಕೂತ ಅವ್ವ, ಎಲ್ಲ ಗಂಟಲಿನ ತನಕ ಬಂದವು. ಅವನು ಅವನ್ನು ಅಲ್ಲೇ ತಡೆದ. ಅವೆಲ್ಲ ಸುಳ್ಳಲ್ಲ, ಆದರೆ ಈಗ ಹೇಳಿದರೆ ಇನ್ನೊಂದು ಸಲ ಅರಗು ತುಂಬಿದ ಹಾಗಾಗುತ್ತಿತ್ತು.

ಬಾಪುಸಾಹೇಬ ಬೈಯಲಿಲ್ಲ. ಬೈಯಲೆಂದು ಸತ್ತೆಪ್ಪ ಕಾಯುತ್ತಿದ್ದ. ಅವನು ಬಗ್ಗಿ, ಸೀಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

“ರಜಾಕ್ಕ ಊರಿಗೆ ಹೋದಾಗ ನಮ್ಮಪ್ಪ ಕೇಳಿದ. ‘ಬಾಪೂ, ನನಗರ ಖರೇ ಹೇಳು. ನಿನ್ನ ತಪ್ಪ ಐತೇನು?’ ಹೌದಪಾ, ನಂದ ತಪ್ಪು ಅಂದೆ. ಅವನ ಮುಂದ ಸುಳ್ಳ ಹೇಳ್ಲಿಲ್ಲ, ಅದೊಂದ ಸಮಾಧಾನ ಇತ್ತು ನನಗ.” ಬಗ್ಗಿದವನು ನೆಟ್ಟಗಾಗಿ ಹೇಳಿದ: “ಮೂವತ್ತೈದ ವರ್ಷ ಆ ತಪ್ಪಿನ ಕೂಡ ಸಂಸಾರ ಮಾಡೇನಿ. ಮೊದಲ ಕಚ್ಚತಿತ್ತು. ನಗಸಿ ನಗಸಿ ಪಳಗಿಸಿದೆ. ಈಗ ಮನಿ ನಾಯಿಯಂಗ ಕಾಲಾಗ ಬಿದ್ದಿತ್ತು. ಅದು ನಂದಲ್ಲ ಅಂತಿ.”

“ತಪ್ಪಾತ್ರಿ.”

“ಆತು. ಮುಗೀತಲ್ಲ.” ಅವನು ಎದ್ದ. ಚಪ್ಪಲಿ ಹುಡುಕಲು ಬಹಳ ಹೊತ್ತು ಬೇಕಾಯಿತು. ಕಾಲ ಬಳಿಯೇ ಇದ್ದವು. ಬಾಗಿಲಲ್ಲಿ ಸುಂದರಾ ಚಹಾದ ಬಟ್ಟಲು ಹಿಡಿದು ಎದುರಾದಳು. “ಬ್ಯಾಡವಾ,” ಎಂದು ಬದಿಗೆ ಸರಿದು ಇಳಿದು ಹೋದ. ಎಣ್ಣೆಯ ಡಬ್ಬಿ ಅಲ್ಲೇ ಉಳಿಯಿತು.

“ಏನಂದ್ರಿ ಅವರಿಗೆ?” ಸುಂದರಾ ಕೇಳಿದಳು.

“ಖರೇ ಹೇಳಿದೆ.”

“ಈಗ್ಯಾಕ?”

ಸತ್ತೆಪ್ಪ ಓಣಿಯ ಕಡೆ ನೋಡಿದ. ಬಾಪುಸಾಹೇಬನ ಸಲುವಾಗಿ ಹೇಳಿದೆ ಎಂದುಕೊಂಡಿದ್ದ. ಅವನ ಬಾಗಿದ ಬೆನ್ನು ಅಕ್ಕುತಾಯಿಯ ಮನೆಯ ಓಣಿಗೆ ತಿರುಗಿದ ಮೇಲೆ ಅದೂ ಖಾತ್ರಿ ಉಳಿಯಲಿಲ್ಲ. ಎದೆಯ ಭಾರ ಇಳಿದಿತ್ತು ನಿಜ. ಇಳಿದದ್ದು ಎಲ್ಲಿಗೆ ಹೋಯಿತು ಎನ್ನುವುದನ್ನೂ ಅವನು ಕಣ್ಣಾರೆ ಕಂಡಿದ್ದ.

ಹದಿನೈದರಂದು ಬಾಪುಸಾಹೇಬ ಬರುವುದಿಲ್ಲವೆಂದೇ ಸತ್ತೆಪ್ಪ ತಿಳಿದಿದ್ದ. ಬಂದ. ಕೋಟು, ಹೊಳೆಯುವ ಬಿಲ್ಲೆ, ಓರೆ ಟೋಪಿ. ಸಭಾಗೃಹದ ಗೇಟಿನಿಂದ ಒಳಗಿನ ಗಾಜಿನ ಪೆಟ್ಟಿಗೆಯವರೆಗೆ ಒಂಬತ್ತು ಮಂದಿ ಸಾಲಾಗಿ ನಿಂತರು. ಸಾಲಿನಲ್ಲಿ ಬಾಪುಸಾಹೇಬ ಏಳನೆಯವನು, ಸತ್ತೆಪ್ಪ ಎಂಟನೆಯವನು. ಹೀಗೆ ನಿಲ್ಲಿಸಿದ್ದು ವಿರುಪಾಕ್ಷಪ್ಪ. ಇಬ್ಬರೂ ದೋಸ್ತರು ಎಂದು.

ರೈಫಲ್ಲು ಕೈಯಿಂದ ಕೈಗೆ ಬಂತು. ಬಾಪುಸಾಹೇಬ ಅದನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ಹತ್ತು ಹೆಜ್ಜೆ ನಡೆದ. ಎಲ್ಲರಿಗಿಂತ ಚಂದ ನಡೆದವನು ಅವನೇ ಎಂದು ಆಮೇಲೆ ಎಲ್ಲರೂ ಅಂದರು. ಸತ್ತೆಪ್ಪನ ಮುಂದೆ ಬಂದು ನಿಂತು, ರೈಫಲ್ಲು ಚಾಚಿದ. ಎರಡು ಜೊತೆ ಕೈ ಒಂದು ಗಳಿಗೆ ಅದೇ ಕಟ್ಟಿಗೆಯ ಮೇಲಿದ್ದವು. ಬಾಪುಸಾಹೇಬನ ಹೆಬ್ಬೆರಳು ಸೀಳಿನ ಮೇಲಿತ್ತು. ಅವನು ನೋಡುತ್ತಿದ್ದದ್ದು ಸತ್ತೆಪ್ಪನ ಹೆಗಲಾಚೆ.

ಪೆಟ್ಟಿಗೆಗೆ ಕೀಲಿ ಬಿದ್ದ ಮೇಲೆ ಹಿಂದಿನ ಪಡಸಾಲೆಯಲ್ಲಿ ಚಹಾ, ಶಿರಾ, ಉಪ್ಪಿಟ್ಟು. ಹಿಡಿದಿಟ್ಟಿದ್ದ ನಗೆಯೆಲ್ಲ ಬಿಚ್ಚಿಕೊಂಡಿತು. ವಿರುಪಾಕ್ಷಪ್ಪ ಬಾಪುಸಾಹೇಬನ ಬೆನ್ನಿಗೆ ಗುದ್ದಿದರು.

“ಈಗ ಆಗ್ಲೆಪಾ! ಸಾಹೇಬ ಎದಿಗೆ ಅವಚಿಕೊಂಡ ಕತಿ. ಈ ಕಾಗವಾಡದವ್ರು ಕೇಳಿಲ್ಲಂತ ನೋಡು, ಪಾಪಾ.”

“ಹಾಂ, ಹೋಊನ್ ಜಾಊ ದ್ಯಾ!” ಆಗೇ ಬಿಡಲಿ ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಹತ್ತಾರು ಮುಖಗಳು ಮುಂಚಿತವಾಗಿಯೇ ನಗಲು ಸಿದ್ಧವಾಗಿ ಅವನ ಕಡೆ ತಿರುಗಿದವು.

ಬಾಪುಸಾಹೇಬ ಶಿರಾದ ತಟ್ಟೆಯನ್ನು ಕಿಟಕಿಯ ಮೇಲಿಟ್ಟ.

“ಅದು ನನ್ನ ಕತಿ ಅಲ್ರಿ,” ಎಂದ. “ನಾ ಇಷ್ಟ ದಿನಾ ತಪ್ಪ ಹೇಳೀನಿ. ಅದು ಮಿಸ್ತ್ರಿಯವ್ರದು. ಅವರನ್ನ ಕೇಳ್ರಿ.”

ಮುಖಗಳೆಲ್ಲ ಸತ್ತೆಪ್ಪನ ಕಡೆ ತಿರುಗಿದವು. ನಗು ಇನ್ನೂ ಅವುಗಳ ಮೇಲೆ ಹಾಗೇ ಇತ್ತು. ಅವನ ಕೈಯಲ್ಲಿ ಚಹಾದ ಬಟ್ಟಲಿತ್ತು, ಉಗುರಿನಲ್ಲಿ ಅಗಸಿ ಎಣ್ಣೆಯ ಹಳದಿ ಇತ್ತು. ಅವನು ಬಟ್ಟಲು ಕೆಳಗಿಟ್ಟ.

“ಅದರ ಬಟ್ ನಂಬರ್ ಅರವತ್ಮೂರು ಇತ್ತು,” ಎಂದು ಶುರುಮಾಡಿದ.

ಮಾತು ಬಲ್ಲವನಲ್ಲ. ಆದರೆ ಒಂದನ್ನೂ ಬಿಡಲಿಲ್ಲ. ಅರಗು, ರಜಿಸ್ಟರು, ಕರಿ ಸೀಳು, ಸಾಹೇಬನ ಪ್ರಶ್ನೆ, ತನ್ನ ಮೂರು ಶಬ್ದ. ಮೊದಮೊದಲು ಇಬ್ಬರು ನಕ್ಕರು, ಇದೂ ಆ ಕತೆಯದೇ ಇನ್ನೊಂದು ತಮಾಷೆಯೆಂದು. ಆಮೇಲೆ ಯಾರೂ ನಗಲಿಲ್ಲ. ವಿರುಪಾಕ್ಷಪ್ಪ ಕೆಮ್ಮಿ, “ಹೋಗ್ಲಿ ಬಿಡ್ರಿ, ಹಳೇ ಮಾತು. ಮೂವತ್ತೈದು ವರ್ಷ ಅಂದ್ರ ಏನ ಸಣ್ಣದಾ? ಚಾ ಆರತೈತಿ, ತಗೋರಿ,” ಎಂದರು. ಬಟ್ಟಲುಗಳು ಮತ್ತೆ ಮೇಲೆದ್ದವು. ಕಬ್ಬಿನ ದರದ ಮಾತು ಯಾವುದೋ ಮೂಲೆಯಿಂದ ಬಂತು. ಎಲ್ಲರೂ ಅದನ್ನು ಗಬಕ್ಕನೆ ಹಿಡಿದುಕೊಂಡರು.

ಸತ್ತೆಪ್ಪ ಕಿಟಕಿಯ ಕಡೆ ನೋಡಿದ. ಶಿರಾದ ತಟ್ಟೆ ಅಲ್ಲೇ ಇತ್ತು. ಬಾಪುಸಾಹೇಬ ಗೇಟಿನ ಹೊರಗೆ, ಅಥಣಿ ಕಡೆಯ ಬಸ್ಸಿಗೆ ಕೈ ಮಾಡುತ್ತಿದ್ದ. ಅವನು ಎಷ್ಟು ಕೇಳಿಸಿಕೊಂಡು ಹೋದನೋ, ಕೇಳಿಸಿಕೊಳ್ಳದೆ ಹೋದನೋ, ತಿಳಿಯಲಿಲ್ಲ.

ಹೊರಡುವಾಗ ವಿರುಪಾಕ್ಷಪ್ಪ ಗಾಜಿನ ಪೆಟ್ಟಿಗೆಯ ಎರಡನೆಯ ಕೀಲಿಯನ್ನು ಅವನ ಕೈಗೆ ಕೊಟ್ಟರು. ಎಣ್ಣೆ ಹಚ್ಚುವುದು ಇನ್ನು ಮೇಲೆ ಅವನದೇ ಜವಾಬ್ದಾರಿ. ಸತ್ತೆಪ್ಪ ಬೇಡವೆನ್ನಲಿಲ್ಲ.

ಆ ವರ್ಷ ಮಾವಿನ ಹೂ ಉದುರುವ ಹೊತ್ತಿಗೆ ಅವನು ನಾಲ್ಕು ಸಲ ಚಿಕ್ಕೋಡಿಗೆ ಹೋಗಿ ಬಂದ. ಅಂಕಲಿಯ ಚಹಾದಂಗಡಿಯಲ್ಲಿ ಬಾಪುಸಾಹೇಬ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದ. ಬಾಕಿನ ತುದಿಗೆ ಕೂತು ಪೇಪರು ಓದುತ್ತಿದ್ದ. ಕತೆ ಹೇಳು ಎಂದು ಯಾರೂ ಅವನನ್ನು ಕೇಳುತ್ತಿರಲಿಲ್ಲ. ಸತ್ತೆಪ್ಪ ಬಂದರೆ ಸರಿದು ಜಾಗ ಬಿಡುತ್ತಿದ್ದ, ಅಷ್ಟೇ.

ಒಂದು ದಿನ ಮನೆ ಸಾರಿಸುವಾಗ ಸುಂದರಾ ಆ ತಗಡಿನ ಡಬ್ಬಿ ಎತ್ತಿ ಅಲುಗಾಡಿಸಿದಳು. ಒಳಗೆ ಎಣ್ಣೆ ತುಳುಕಿತು.

“ಮುಕ್ಕಾಲು ಉಳದೈತಿ. ಅಕ್ಕುತಾಯಿ ಮನಿಗೆ ಕೊಟ್ಟ ಬರ್ಲೇನು?”

ಸತ್ತೆಪ್ಪ ಹಿತ್ತಲ ಬಾಗಿಲಿಗೆ ಹೊಸ ಹಿಡಿಕೆ ಜೋಡಿಸುತ್ತಿದ್ದ. ಸ್ಕ್ರೂ ಬಾಯಲ್ಲಿತ್ತು. ತೆಗೆದು ಅಂಗೈಯಲ್ಲಿಟ್ಟುಕೊಂಡ.

“ಅವರು ಕೇಳಿದ್ರ ಕೊಡು,” ಎಂದ. “ಅಲ್ಲೀತನಕ ನೆರಳಾಗ ಇರ್ಲಿ.”